ಗೋಡೆಗೆ ಮುಖ ಮಾಡಿ ತಿಂದ ತತ್ತಿ

ರಾಯಚೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಎಲ್ಲ ಕಡೆ ಮೊದಲು ಕೇಳಿದ್ದು ಒಂದೇ ಮಾತು: "ತತ್ತಿ, ಮಾಂಸ ತಿಂತೀರೇನ್ರಿ?" ಐದು ಮನೆಗಳಲ್ಲಿ ನಿಜ ಹೇಳಿ ವಾಪಸಾದೆ. ಆರನೆಯ ಮನೆಯಲ್ಲಿ "ಇಲ್ರಿ" ಎಂದೆ. ಮನೆ ಸಿಕ್ಕಿತು.

ನಾನು ಗುಂಜಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಶಿಕ್ಷಕಿ. ಗಂಡನಿಗೆ ದೇವದುರ್ಗದಲ್ಲಿ ನೌಕರಿ, ವಾರಕ್ಕೊಮ್ಮೆ ಬರುತ್ತಿದ್ದರು. ಆರು ತಿಂಗಳ ಬಸುರಿಯಾಗಿದ್ದಾಗ ಕಾಲುಗಳು ಬಾತು ಚಪ್ಪಲಿ ಹಿಡಿಸದಾಯಿತು. ರಕ್ತದ ವರದಿ ನೋಡಿದ ಡಾಕ್ಟರಮ್ಮ, "ಪ್ರೋಟೀನ್ ಭಾಳ ಕಡಿಮಿ ಅದ. ರಕ್ತದಾಗ ನೀರು ಹಿಡಿದಿಡೋದು ಅದೇ. ಅದು ಕಡಿಮಿ ಆದ್ರ ನೀರು ಹೊರಗ ಸೋರಿ ಕಾಲಾಗ ನಿಲ್ತದ. ಕೂಸು ಬೆಳಿಯಾಕೂ ಅದ ಬೇಕು. ಬ್ಯಾಳಿ, ಹಾಲು ತಗೋರಿ. ದಿನಾ ಎರಡು ತತ್ತಿ ತಿನ್ರಿ" ಎಂದು ಚೀಟಿ ಬರೆದುಕೊಟ್ಟರು.

ಹಾಲು ಕುಡಿದರೆ ವಾಂತಿಯಾಗುತ್ತಿತ್ತು. ಶಾಲೆಯಲ್ಲಿ ಮಕ್ಕಳ ತಟ್ಟೆಗೆ ನನ್ನ ಕೈಯಾರೆ ತತ್ತಿ ಇಡುತ್ತಿದ್ದೆ. ಅದು ಅವರ ಪಾಲಿನದು. ಮನೆಯಲ್ಲಿ ಬೇಯಿಸೋಣವೆಂದರೆ ಅಡುಗೆಮನೆಯ ಕಿಟಕಿ ಮನೆಯೊಡತಿಯ ಅಂಗಳಕ್ಕೇ ತೆರೆಯುತ್ತಿತ್ತು. ಅವರು ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಿತ್ತು. ನನ್ನ ಕಾಲು ನೋಡಿದಂದಿನಿಂದ ದಿನಾ ಬೆಳಿಗ್ಗೆ ಬಟ್ಟಲು ತುಂಬ ಮೊಳಕೆ ಹೆಸರುಕಾಳು ತಂದು, ಮುಗಿಸುವವರೆಗೆ ಎದುರೇ ಕೂರುತ್ತಿದ್ದರು.

ಭಾನುವಾರ ಅವ್ವ ಮಾನ್ವಿಯಿಂದ ತತ್ತಿ ಬೇಯಿಸಿಕೊಂಡು ಬರುತ್ತಿದ್ದಳು. ಬಸ್ ನಿಲ್ದಾಣದಲ್ಲಿ ಗೋಡೆಗೆ ಮುಖ ಮಾಡಿ ನಿಂತು ಗಬಗಬ ನುಂಗುತ್ತಿದ್ದೆ.

"ಕಳ್ಳಿ ಹಂಗ ಯಾಕ ತಿಂತಿ? ಕದ್ದಿ ಏನು?" ಎಂದಳು ಒಮ್ಮೆ. ನಾನು ಬಾಯಿ ತೊಳೆದುಕೊಂಡೆ.

ಅಂದು ಅವ್ವ ನನ್ನೊಡನೆ ಮನೆಗೂ ಬಂದಳು. ಮಾತಾಡಿಸಲು ಬಂದ ಮನೆಯೊಡತಿ ಮೇಜಿನ ಮೇಲಿದ್ದ ಡಾಕ್ಟರ ಚೀಟಿ ಓದಿದರು.

"ತತ್ತಿ ಬರ್ದಾರಲ್ಲ. ಔಷಧ ಅಂತ ಹೊರಗ ತಿನ್ನು ಯವ್ವಾ, ತಪ್ಪಿಲ್ಲ" ಎಂದರು ಮೆಲ್ಲಗೆ. "ಮೊದಲ ಯಾವಾಗರ ತಿಂದೀಯೇನು?"

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. "ಇಲ್ರಿ" ಎಂದೆ.

ನಾನು ಓದಲಿ, ಮೈಯಲ್ಲಿ ಕಸುವಿರಲಿ ಎಂದೇ ಕೋಳಿ ಸಾಕಿದ ಅವ್ವ ಪಕ್ಕದಲ್ಲಿದ್ದಳು. ನೆಲ ನೋಡುತ್ತ, "ಹೌದ್ರಿ, ಆಕಿಗೆ ರೂಢಿಲ್ಲ" ಎಂದಳು.

ಹೆರಿಗೆಗೆ ಮಾನ್ವಿಗೆ ಹೋದೆ. ತಿಂದುಂಡು ಬಾವು ಇಳಿಯಿತು, ಮಗಳು ಹುಟ್ಟಿದಳು. ಅವ್ವನ ಕ್ಷಮೆ ಕೇಳಹೊರಟರೆ ಆಕೆ ಮಾತು ತಿರುಗಿಸಿ, "ಆ ಮನಿ ಬಿಡಬ್ಯಾಡ, ಶಾಲಿಗೆ ಹೋಗಾಕ ಸಲೀಸು" ಎಂದಳು.

ರಜೆ ಮುಗಿದ ಮೇಲೆ ಅಲ್ಲಿಗೇ ಮರಳಿದೆ. ಮನೆಯೊಡತಿ ಆರತಿ ಎತ್ತಿ, ಕೂಸನ್ನು ಎದೆಗವಚಿಕೊಂಡು ಒಳಗೆ ನಡೆದರು. ನಾನು ಅವರ ಹಿಂದೆ ಹೋದೆ.