ಊರು ಹೊಗಳಿದ ಕಾಯಿಲೆ

ದೊಡ್ಡಮ್ಮನ ಬೆರಳ ಗೆಣ್ಣುಗಳು ಯಾವಾಗಲೂ ಒಡೆದು ರಕ್ತ ಜಿನುಗುತ್ತಿತ್ತು. ಮಡಿಕೇರಿಯ ಚಳಿಯಲ್ಲಿ ಒದ್ದೆ ಸೀರೆ ಉಟ್ಟೇ ದೇವರ ನೈವೇದ್ಯಕ್ಕೆ ಅಡುಗೆ ಮಾಡುತ್ತಿದ್ದರು. ಬಾಗಿಲ ಪರದೆ ಸೆರಗಿಗೆ ತಾಗಿತೇನೋ ಎಂಬ ಅನುಮಾನ ಬಂದರೆ ಸಾಕು, ಒಲೆ ಆರಿಸಿ ಮತ್ತೆ ಬಚ್ಚಲಿಗೆ ಹೋಗುತ್ತಿದ್ದರು. ದೊಡ್ಡಪ್ಪ ದೇವಸ್ಥಾನದ ಅರ್ಚಕರು. ಹೆಂಡತಿಯ ಮಡಿಯನ್ನು ಭಕ್ತರ ಮುಂದೆ ಕೊಂಡಾಡಿದ್ದೇ ಕೊಂಡಾಡಿದ್ದು. ಬೇರೆ ಯಾರ ಮನೆಯಲ್ಲಾದರೂ ಅದನ್ನು ಹುಚ್ಚು ಎನ್ನುತ್ತಿದ್ದರು. ಅರ್ಚಕರ ಮನೆಯಲ್ಲಿ ಅದಕ್ಕೆ ಪುಣ್ಯ ಎಂದು ಹೆಸರು.

ಕೈ ಹುಣ್ಣು ತೋರಿಸಲು ಹೋದಾಗ ಚರ್ಮದ ಡಾಕ್ಟರು ಅವರನ್ನು ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದರು. ಇದು ಗೀಳು ಕಾಯಿಲೆ, ಹತೋಟಿಗೆ ಬರುತ್ತದೆ ಎಂದರಂತೆ ಅವರು. ಮಾತ್ರೆಯ ಜೊತೆಗೆ ಒಂದು ಅಭ್ಯಾಸವನ್ನೂ ಹೇಳಿಕೊಟ್ಟರು: ಹೆದರಿದ್ದನ್ನು ಮುಟ್ಟಬೇಕು, ತೊಳೆಯದೆ, ಹೆದರಿಕೆ ತಾನಾಗಿ ಇಳಿಯುವವರೆಗೆ ಕೂತಿರಬೇಕು. ದೊಡ್ಡಮ್ಮ ಹಠ ಹಿಡಿದು ಮಾಡಿದರು. ಕೈ ಮಾಯತೊಡಗಿತು. ಒಂದು ಬೆಳಿಗ್ಗೆ ಹಾಲಿನವಳ ಜೊತೆ ಜಗಲಿಯಲ್ಲಿ ಕೂತು ಕಾಫಿ ಕುಡಿದು, ಮತ್ತೆ ಮೀಯದೆ ಒಳಗೆ ಬಂದು ನೈವೇದ್ಯದ ಅನ್ನಕ್ಕಿಟ್ಟರು. ದೊಡ್ಡಪ್ಪ ಆ ಅನ್ನವನ್ನು ಚೆಲ್ಲಿಸಿದರು, ಮಾತ್ರೆಗಳನ್ನೂ ಚೆಲ್ಲಿಸಿದರು. ಮಾತ್ರೆ ತಿಂದೇ ಮಡಿ ಕೆಟ್ಟಿತು ಎಂಬುದು ಅವರ ತೀರ್ಪು. ದೊಡ್ಡಮ್ಮ ಮತ್ತೆ ಬಚ್ಚಲು ಸೇರಿದರು, ಊರು ಮತ್ತೆ ಹೊಗಳತೊಡಗಿತು.

ಆಗ ಕಾಲೇಜಿಗೆಂದು ನಾನು ಆ ಮನೆಯಲ್ಲೇ ಇದ್ದೆ. ನನ್ನ ಕೋಣೆಗೆ ಬೀಗ ಹಾಕಿ ಗೇಟಿನವರೆಗೆ ಹೋದವಳು ಮತ್ತೆ ಮತ್ತೆ ಬಂದು ಎಳೆದು ನೋಡುತ್ತಿದ್ದೆ, ಬಸ್ಸು ತಪ್ಪುತ್ತಿತ್ತು. ಎಲ್ಲರೂ ನಕ್ಕರು. ದೊಡ್ಡಮ್ಮ ನಗಲಿಲ್ಲ. ಸೀರೆ ಅಂಗಡಿಗೆ ಎಂದು ಸುಳ್ಳು ಹೇಳಿ, ನನ್ನನ್ನು ಆಟೋ ಹತ್ತಿಸಿ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹೊರಗೆ ಕಾಯುವಾಗ ಹೇಳಿದರು:

“ನಂದು ಮಡಿ ಅಲ್ಲ ಮಗಾ, ಹೆದರಿಕೆ. ಮಡಿ ಆಗಿದ್ರೆ ಒಮ್ಮೆ ಮಿಂದ ಮೇಲೆ ಮುಗೀಬೇಕಿತ್ತಲ್ವಾ?”

ಹಾಗಾದರೆ ನೀವೂ ಒಳಗೆ ಬನ್ನಿ ಎಂದೆ.

“ಆ ಮನೇಲಿ ನಂಗೆ ಮರ್ಯಾದೆ ಇರುದೇ ಇದ್ರಿಂದ. ಇದನ್ನೂ ಬಿಟ್ರೆ ಎಂತ ಉಳೀತದೆ?”

ಇವತ್ತು ನಾನು ಬೀಗ ಒಮ್ಮೆ ಹಾಕಿ ಹೊರಡುತ್ತೇನೆ. ಅನುಮಾನ ಬೆನ್ನ ಹಿಂದೆಯೇ ಬರುತ್ತದೆ, ಬರಲಿ ಎಂದು ಬಿಡುತ್ತೇನೆ. ಹೀಗೆ ಬದುಕಲು ದಾರಿ ಮಾಡಿಕೊಟ್ಟವರು ಅವರು.

ಹೋದ ಆಷಾಢದಲ್ಲಿ ಎದೆಯಲ್ಲಿ ಕಫ ಕಟ್ಟಿ, ಜ್ವರದಲ್ಲೂ ತಣ್ಣೀರಲ್ಲಿ ಮೀಯುವುದನ್ನು ಬಿಡಲಾಗದೆ ದೊಡ್ಡಮ್ಮ ತೀರಿಕೊಂಡರು. ಬಂದವರೆಲ್ಲ ಅವರ ಮಡಿಯನ್ನೇ ಹೊಗಳಿದರು. ಕೇಳಿ ಕೇಳಿ ನನಗೆ ಅಸಹ್ಯವಾಯಿತು. ಹೆಣಕ್ಕೆ ಸ್ನಾನ ಮಾಡಿಸಲು ತಣ್ಣೀರು ತಂದಾಗ, ಬಿಸಿನೀರು ಹಾಕಿ ಎಂದೆ. ನನಗೇ ತಲೆ ಕೆಟ್ಟಿದೆ ಎಂಬಂತೆ ಎಲ್ಲರೂ ನೋಡಿದರು.