ಹೊಳೆಯ ನಡುವಿನ ತವರುಗಿಡಗಳು

ಸಿಂಧನೂರು. 1954ನೇ ಇಸವಿ ನವೆಂಬರ್ 21, ರವಿವಾರ. ಮುಂಜಾನೆ ಏಳು ಗಂಟೆ ಹತ್ತು ನಿಮಿಷಕ್ಕೆ ಇದನ್ನು ಬರೆಯಲು ಕುಳಿತೆ.

ಹೊತ್ತನ್ನು ಗುರುತು ಹಾಕದೆ ಏನನ್ನೂ ಶುರುಮಾಡಲು ನನಗೆ ಬರುವುದಿಲ್ಲ. ಇದು ನನ್ನ ಚಟ. ಮಸ್ಕಿಯಿಂದ ಸಿಂಧನೂರಿಗೆ ಬರುವ ಬಸ್ಸು ದಾರಿಯಲ್ಲಿ ಎಷ್ಟು ಸಲ ನಿಂತಿತು, ಅದರಲ್ಲಿ ಎಷ್ಟು ಸಲ ತಾನಾಗಿ ನಿಂತಿತು, ಎಷ್ಟು ಸಲ ಯಾರೋ ಕೈ ಮಾಡಿದ್ದಕ್ಕೆ ನಿಂತಿತು ಎನ್ನುವುದೆಲ್ಲ ನನ್ನ ದಿನಚರಿಯಲ್ಲಿ ಸಿಗುತ್ತದೆ. "ಇವ ತನ್ನ ಮದುವ್ಯಾಗ ತಲಿ ಮ್ಯಾಲ ಬಿದ್ದ ಅಕ್ಕಿಕಾಳು ಎಣಿಸಿಕೋತ ಕುಂದ್ರಾವ" ಎಂದು ನಮ್ಮವ್ವ ಬಂದವರ ಮುಂದೆಲ್ಲ ಹೇಳುತ್ತಾಳೆ. ಇಂಥವನು ಒಂದು ನಡುಗಡ್ಡೆಯಲ್ಲಿ ಇಪ್ಪತ್ತೆರಡು ದಿನ ಇದ್ದು, ಅಲ್ಲಿಯ ಗಿಡಗಳನ್ನು ಒಂದೂ ಬಿಡದೆ ಎಣಿಸಿ, ಕೊನೆಗೆ ಎಲ್ಲವನ್ನೂ ತಪ್ಪು ಬರೆದುಕೊಂಡು ಬಂದ ಕಥೆ ಇದು.

ನಾನು ತಾಲೂಕು ಕಚೇರಿಯೊಂದರಲ್ಲಿ ಕಾರಕೂನ. ಲಿಂಗಸುಗೂರಿನಿಂದ ಬಡಗಣಕ್ಕೆ ಹೋದರೆ ಕೃಷ್ಣಾ ಹೊಳೆ ಕೆಲವು ಕಡೆ ಎರಡಾಗಿ ಒಡೆದು, ನಡುವೆ ತುಂಡು ನೆಲವನ್ನು ಬಿಟ್ಟು, ಮುಂದೆ ಮತ್ತೆ ಕೂಡಿಕೊಳ್ಳುತ್ತದೆ. ಅಂಥ ನೆಲಕ್ಕೆ ಸುತ್ತಲಿನವರು 'ಗಡ್ಡಿ' ಎನ್ನುತ್ತಾರೆ. ಅವುಗಳಲ್ಲೊಂದರ ಹಣ್ಣಿನ ಗಿಡಗಳನ್ನು ಎಣಿಸಿ, ಯಾವುದು ಯಾರದೆಂದು ಪುಸ್ತಕದಲ್ಲಿ ಬರೆದುಕೊಂಡು ಬರಬೇಕೆಂದು ಜುಲೈ ಕೊನೆಯಲ್ಲಿ ನನಗೆ ಹುಕುಂ ಆಯಿತು. ನಾಲ್ಕು ದಿನದ ಕೆಲಸ. ಎರಡು ಅಂಗಿ ತೆಗೆದುಕೊಂಡು ಹೊರಟೆ.

ನಡುಗಡ್ಡೆ ಎಂದರೆ ನಾಲ್ಕು ಕಡೆ ನೀರಿರುವ ಭೂಮಿ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಕೆಳಗೆ ಏನಿರುತ್ತದೆ ಎಂದು ಕೇಳಿದ್ದಕ್ಕೆ ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸಿದ್ದರು. ಅವತ್ತಿನಿಂದ ಅದು ತೇಲುತ್ತದೆಯೋ ನಿಂತಿರುತ್ತದೆಯೋ ಎಂಬ ಸಣ್ಣ ಸಂಶಯ ನನ್ನೊಳಗೆ ಉಳಿದೇಬಿಟ್ಟಿತ್ತು. ಹರಿಗೋಲಿನಲ್ಲಿ ಕುಳಿತಾಗ ಆ ಸಂಶಯ ಹೆಚ್ಚಾಯಿತು. ಹರಿಗೋಲು ದುಂಡನೆಯ ಬುಟ್ಟಿ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಸುತ್ತುತ್ತ ಹೋಗುತ್ತದೆ. ನಾನು ಸುತ್ತುಗಳನ್ನು ಎಣಿಸತೊಡಗಿದೆ. ಒಂಬತ್ತಕ್ಕೆ ಬಂದಾಗ ಹುಟ್ಟು ಹಾಕುತ್ತಿದ್ದ ಅಂಬಿಗರ ತಿಮ್ಮಣ್ಣ ನನ್ನ ತುಟಿ ಅಲುಗುವುದನ್ನು ನೋಡಿ, "ಸಾಹೇಬ್ರ, ಸುತ್ತು ಎಣಸಬ್ಯಾಡ್ರಿ. ಎಣಿಸಿದವ್ರೆಲ್ಲ ಹನ್ನೊಂದಕ್ಕ ವಾಂತಿ ಮಾಡ್ಯಾರ" ಎಂದ. ನಾನು ಹನ್ನೆರಡರವರೆಗೆ ತಡೆದೆ. ದಿನಚರಿಯಲ್ಲಿ ಹಾಗೆಯೇ ಬರೆದಿದೆ.

ನಮ್ಮ ಮಸ್ಕಿಯ ಗುಡ್ಡ ಹತ್ತಿ ನಿಂತರೆ ಎರೆಭೂಮಿ ಆಕಾಶ ಮುಟ್ಟುವವರೆಗೂ ಕಾಣುತ್ತದೆ. ನಮಗೆ ಹಸಿರೆಂದರೆ ಜೋಳದ ಬೆಳೆ ನಿಂತಿರುವಷ್ಟು ಕಾಲ ಬಂದು ಹೋಗುವ ನೆಂಟ. ಗಡ್ಡಿಯಲ್ಲಿ ಆ ನೆಂಟ ಮನೆ ಮಾಡಿಕೊಂಡಿದ್ದ. ಮಾವು, ಪೇರಲ, ನಿಂಬೆ, ನುಗ್ಗೆ, ಸೀತಾಫಲ, ಬಾಳೆ, ಎಲ್ಲ ಒಂದರ ಹೆಗಲ ಮೇಲೊಂದು ಕೈ ಹಾಕಿಕೊಂಡು ನಿಂತಿದ್ದವು. ಹತ್ತು ಹೆಜ್ಜೆ ಆಚೆ ಏನಿದೆ ಎಂದು ಕಾಣುತ್ತಿರಲಿಲ್ಲ. ಮೊದಲ ದಿನ ಕಣ್ಣಿಗೆ ಹಬ್ಬ. ಐದನೆಯ ದಿನ, ನಿಜ ಹೇಳುತ್ತೇನೆ, ಒಂದು ಬಯಲು ಕಂಡರೆ ಸಾಕು ಎನಿಸಿತು. ಗೋಡೆಯ ಮೇಲೆ ತೂಗುಹಾಕಿದ ಅಂಗಿ ಒಣಗಲಿಲ್ಲ. ಉಪ್ಪು ನೀರಾಯಿತು. ಬೆಂಕಿಪೆಟ್ಟಿಗೆಯ ಕಡ್ಡಿಗಳು ಗೀರಿದರೆ ತಲೆ ಬಾಗಿಸುತ್ತಿದ್ದವೇ ಹೊರತು ಹತ್ತುತ್ತಿರಲಿಲ್ಲ. ಸರಕಾರಿ ಪುಸ್ತಕ ತೇವ ಕುಡಿದು ಬಾಣಂತಿಯ ಹಾಗೆ ತುಂಬಿಕೊಂಡಿತು. ಮೂರನೆಯ ರಾತ್ರಿಯೇ ಹೊಳೆ ಏರಿ ತಿಮ್ಮಣ್ಣ ಹರಿಗೋಲನ್ನು ಮಗುಚಿ ಗಡ್ಡಿಯಲ್ಲೇ ಇದ್ದ ತನ್ನ ಮನೆಗೆ ಹೊತ್ತುಕೊಂಡು ಹೋಗಿದ್ದರಿಂದ, ನನ್ನ ನಾಲ್ಕು ದಿನ ಇಪ್ಪತ್ತೆರಡಾದವು.

ಚಾವಡಿಯಲ್ಲಿ ನನ್ನ ಬಿಡಾರ. ಊಟ ಸರದಿಯ ಮೇಲೆ ಮನೆಮನೆಯಿಂದ ಬರುತ್ತಿತ್ತು. ಎರಡನೆಯ ದಿನ ರೊಟ್ಟಿ, ಪುಂಡಿಪಲ್ಲೆ ತಂದವಳು ನಿಂಗವ್ವ. ಐವತ್ತರ ಆಸುಪಾಸಿನ ವಿಧವೆ. ಮಕ್ಕಳಿಲ್ಲ. ಮೈದುನ ಶರಣಪ್ಪನ ಮನೆಯ ಕೊನೆಯ ಖೋಲಿಯಲ್ಲಿ ಒಬ್ಬಳೇ ಇರುವವಳು. ನನ್ನದು ಯಾವ ಊರೆಂದು ಕೇಳಿದಳು.

"ಮಸ್ಕಿ" ಎಂದೆ.

"ಅಯ್ಯ ನನ್ನಪ್ಪನ! ಮಸ್ಕಿ ನನ್ನ ತವರಮನಿ. ಹಂಗಾದ್ರ ನೀ ನನಗ ಅಳಿಯನ ಆಗಬೇಕು. ಸಾಹೇಬ ಗೀಹೇಬ ನನಗ ಗೊತ್ತಿಲ್ಲ, ಅತ್ತಿ ಅನ್ನು."

"ಅತ್ತಿ, ಇನ್ನೊಂದ್ ರೊಟ್ಟಿ ಹಾಕು" ಎಂದೆ. ಸಂಬಂಧ ಕುದುರಿತು.

ಇನ್ನು ನನ್ನ ಕೆಲಸದ ವಿಷಯ. ಪುಸ್ತಕದಲ್ಲಿ ಮನೆಗಳು (ಅಂಕಣ ಎನ್ನಿ) ಐದು: ಹೊಲದ ನಂಬರು, ಗಿಡದ ಜಾತಿ, ಸಂಖ್ಯೆ, ಮಾಲೀಕನ ಹೆಸರು, ಕೊನೆಗೆ ಷರಾ. ಷರಾ ಎಂಬುದು ಬೇರೆಲ್ಲೂ ಹಿಡಿಸದ್ದನ್ನು ಬರೆಯುವ ಜಾಗ; ಅರ್ಧ ಇಂಚು ಅಗಲ. ಗಂಡಸರು ಹೊಲಕ್ಕೆ ಹೋಗಿರುತ್ತಿದ್ದರು. ನಾನು ಗಿಡದ ಕೆಳಗೆ ಕುಳಿತ ಹೆಂಗಸರನ್ನು "ಇದು ಯಾರದು?" ಎಂದು ಕೇಳುತ್ತಿದ್ದೆ. ಅವರು ನಕ್ಕು, ಸೆರಗು ಸರಿಮಾಡಿಕೊಂಡು, "ನಂದು" ಎನ್ನುತ್ತಿದ್ದರು. ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ ಎಂಬುದು ನನಗೆ ಗೊತ್ತಿಲ್ಲವೇ? ಪಾಪ, ನಾಚಿಕೆ ಎಂದುಕೊಂಡೆ. ಹೊಲ ಯಾರದೆಂದು ಪಟ್ಟಾ ಕಾಗದ ನೋಡಿ, ಅವರ ಗಂಡನ ಹೆಸರನ್ನು, ವಿಧವೆಯಾದರೆ ಹೊಲ ಹಿಡಿದ ಮೈದುನನ ಹೆಸರನ್ನು, ನಾನೇ ಸಮಾಧಾನವಾಗಿ ತುಂಬಿಕೊಂಡೆ. ಇನ್ನೂರ ಹನ್ನೆರಡು ಗಿಡ. ಇನ್ನೂರ ಹನ್ನೆರಡು ಸಲ ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ.

ನಡುವೆ ಪಂಚಮಿ ಬಂತು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಿ ಜೋಕಾಲಿ ಆಡುವುದು ನಮ್ಮ ಕಡೆಯ ಪದ್ಧತಿ. ಆದರೆ ಶ್ರಾವಣದಲ್ಲಿ ಹೊಳೆ ತುಂಬಿರುತ್ತದೆ. ಗಡ್ಡಿಯ ಸೊಸೆಯಂದಿರು ಎಲ್ಲಿಗೆ ಹೋದಾರು? ಅವತ್ತು ಮುಂಜಾನೆ ಒಬ್ಬೊಬ್ಬಳು ಒಂದೊಂದು ಗಿಡಕ್ಕೆ ನೀರು ಹಾಕಿ, ಅರಿಷಿಣ ಹಚ್ಚಿ, ಎಳ್ಳುಂಡಿ ಇಟ್ಟು, ಅದಕ್ಕೇ ಜೋಕಾಲಿ ಕಟ್ಟಿದಳು. ಹೊಸ ಸೊಸೆಯೊಬ್ಬಳ ಗಿಡ ಇನ್ನೂ ಮೊಣಕಾಲುದ್ದದ ನಿಂಬೆ. ಅವಳು ಅದಕ್ಕೆ ಉಂಡಿ ಇಟ್ಟು, ಅತ್ತೆಯ ಬಳಿ ಹೋಗಿ, "ನಿಮ್ಮ ಗಿಡಕ್ಕ ಆಡ್ಲೇನ್ರಿ?" ಎಂದು ಕೇಳಿದಳು. ಅತ್ತೆ ಸ್ವಲ್ಪ ಬಿಗುಮಾನ ಮಾಡಿ ಒಪ್ಪಿದಳು. ಎಷ್ಟು ಜೋಕಾಲಿ ಎಂದು ಎಣಿಸಿದೆ. ಯಾಕೆ ಎಂದು ಮಾತ್ರ ಕೇಳಲಿಲ್ಲ. ಎಣಿಸುವವನಿಗೆ ಇದೊಂದು ಅನುಕೂಲ. ಅಂಕಿ ಸಿಕ್ಕಿತೆಂದರೆ ತಿಳಿಯಿತು ಎಂದೇ ಅನಿಸಿಬಿಡುತ್ತದೆ.

ಪುಸ್ತಕ ಮುಗಿದ ಮೇಲೆ ಅದನ್ನು ಜನರ ಎದುರು ಓದಿ ಹೇಳಬೇಕೆಂದು ಕಾಯಿದೆ. ಒಂದು ಸಂಜೆ ಚಾವಡಿಯಲ್ಲಿ ಎಲ್ಲರನ್ನೂ ಸೇರಿಸಿ ಗಟ್ಟಿಯಾಗಿ ಓದಿದೆ. ಹಿಂದೆ ಕುಳಿತ ಹೆಂಗಸರಲ್ಲಿ ಗುಜುಗುಜು ಎದ್ದಿತು. ಶರಣಪ್ಪನ ಹೊಲದ ಸಾಲು ಬಂದಾಗ ಅವನು ಮುಂದೆ ಸರಿದು ಕುಳಿತ.

"ಇನ್ನೊಮ್ಮೆ ಓದ್ರಿ ಸಾಹೇಬ್ರ. ಆ ದೊಡ್ಡ ಮಾವಿನ ಗಿಡ ಯಾರ ಹೆಸರಿಗೆ ಅಂದ್ರಿ?"

"ನಿಮ್ಮ ಹೆಸರಿಗೆ."

"ಕೇಳಿದ್ರೇನ್ರಪಾ? ಸರಕಾರನ ಹೇಳ್ತು! ಮಗನ ಮದುವಿ ಮುಂದೈತಿ, ಹೊಸ ಮನಿಗೆ ಬಾಗಿಲ ಹಲಗಿ ಬೇಕು. ಎಲ್ಲೆಲ್ಲೋ ಹುಡುಕಾಕತ್ತಿದ್ದೆ, ಹೊಲದಾಗ ನಿಂತೈತಿ!"

ನಿಂಗವ್ವ ಎದ್ದು ನನ್ನ ಎದುರಿಗೆ ಬಂದು ನಿಂತಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಾ ನಿನಗ ಏನಂತ ಹೇಳಿದ್ದೆ, ಅಳಿಯಪ್ಪ?"

"ನಂದು ಅಂದಿದ್ದಿ, ಅತ್ತಿ."

"ಮತ್ತ ಅವಂದು ಅಂತ ಯಾಕ ಬರದಿ?"

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿ ನನಗೆ ತಿಳಿಸಿಕೊಟ್ಟರು. ಗಡ್ಡಿಗೆ ಮದುವೆಯಾಗಿ ಬರುವ ಹೆಣ್ಣು ತನ್ನ ಊರಿನಿಂದ ಒಂದು ಸಸಿಯನ್ನೋ ಬೀಜವನ್ನೋ, ಅಲ್ಲಿಯದೇ ಒಂದು ಹಿಡಿ ಮಣ್ಣಿನೊಂದಿಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಂಡು ಹರಿಗೋಲು ಹತ್ತುತ್ತಾಳೆ. ಎಲ್ಲಿ ಜಾಗ ಸಿಕ್ಕರೂ ನೆಡಬಹುದು. ಹೊಲ ಯಾರದಾದರೂ ಆಗಲಿ, ಗಿಡ ಅವಳದು. ಅದಕ್ಕೆ ತವರುಗಿಡ ಎನ್ನುತ್ತಾರೆ. ಅವಳನ್ನು ಕೇಳದೆ ಗಂಡನೂ ಒಂದು ಕಾಯಿ ಕೀಳುವ ಹಾಗಿಲ್ಲ. ಅವಳು ಸತ್ತರೆ, ಅದಕ್ಕೆ ನೀರು ಹಾಕಿದ ಹೆಣ್ಣಿಗೆ ಹೋಗುತ್ತದೆ. ಮೈಲಿಗಟ್ಟಲೆ ಬೋಳುಬಂಡೆಯ ನಡುವೆ ಆ ತುಂಡು ನೆಲ ಯಾಕೆ ಅಷ್ಟು ಹಸಿರು ಎಂದು ನಾನು ಮೆಕ್ಕಲುಮಣ್ಣಿನ ಬಗ್ಗೆ ಎರಡು ಪುಟ ಬರೆದಿದ್ದೆ. ಮಣ್ಣಿನದೂ ಪಾಲಿರಬಹುದು. ಆದರೆ ಅಲ್ಲಿಯ ಒಂದೊಂದು ಗಿಡವೂ ಊರಿಗೆ ಹೋಗಲಾಗದೆ ಒಂದು ಶ್ರಾವಣ ಕಳೆದ ಒಬ್ಬೊಬ್ಬ ಹುಡುಗಿ ನೀರೆರೆದದ್ದು.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಬೀಜದಿಂದ ಎದ್ದ ಮಾವು ತಾಯಿಗಿಡದ ರುಚಿಯನ್ನು ಹಾಗೆಯೇ ಕೊಡುವುದಿಲ್ಲವೆಂದು ತೋಟಗಾರರು ಹೇಳುತ್ತಾರೆ. ಪ್ರತಿಯೊಂದೂ ತನ್ನದೇ ಹುಳಿ, ತನ್ನದೇ ನಾರು ಬೆಳೆಸಿಕೊಳ್ಳುತ್ತದೆ. ನಿಂಗವ್ವನ ಮಾವು ಅವಳು ಮಸ್ಕಿಯಿಂದ ತಂದ ಗೊರಟದಿಂದ ಎದ್ದದ್ದು. ಅದರ ಉಪ್ಪಿನಕಾಯಿ ತಿಂದಿದ್ದೇನೆ. ಮಸ್ಕಿಯಲ್ಲಿ ಅಂಥ ಹುಳಿ ಎಲ್ಲೂ ಇಲ್ಲ. "ಹೊಳಿ ದಾಟಿದ ಮ್ಯಾಲ ಹುಳಿ ಹೆಚ್ಚಾಗೈತಿ, ನನ್ನಂಗ" ಎಂದು ಅವಳೇ ನಕ್ಕಿದ್ದಳು. ವರ್ಷಕ್ಕೆ ಬೇಕಾದ ಉಪ್ಪು, ಸೀರೆ ಅವಳಿಗೆ ಬರುವುದು ಅದರ ಹಣ್ಣಿನಿಂದ. ಅದಕ್ಕಿಂತ ಹೆಚ್ಚಾಗಿ, ಮೈದುನನ ಮನೆಯಲ್ಲಿ ಅವಳಿಗೆ ಮಾತು ಇರುವುದೂ ಅದರಿಂದಲೇ. ಗಿಡ ಹೋದರೆ ಅವಳು ಕೊನೆಯ ಖೋಲಿಯ ಮುದುಕಿ ಅಷ್ಟೇ.

ಶರಣಪ್ಪ ಕೆಟ್ಟವನಲ್ಲ. "ಪದ್ಧತಿ ಐತಿ ಅಂತ ಇಷ್ಟ್ ದಿನ ಕೊಡ್ಲಿ ಹಚ್ಚಿಲ್ಲರಿ. ಈಗ ಸರಕಾರದ ಕಾಗದನ ಬ್ಯಾರೆ ಹೇಳಿದ್ರ ನಾ ಏನ್ ಮಾಡ್ಲಿ?" ಎಂದ. ಮಾತು ಸರಿಯಾಗಿಯೇ ಇತ್ತು. ಆ ಗಿಡಕ್ಕೆ ಕೊಡಲಿ ಹಚ್ಚಿದವನು ನಾನು. ಕಾವು ಹಿಡಿಯುವ ಕೆಲಸವನ್ನಷ್ಟೇ ಅವನಿಗೆ ಬಿಟ್ಟಿದ್ದೆ.

ತಿಮ್ಮಣ್ಣ ಮೂಲೆಯಿಂದ, "ಲೇ ಶರಣ್ಯಾ, ಆಕೀ ತವರಮನಿಯಿಂದ ಆಳು ಬಂದು ಕುಂತಾನ, ನೋಡಿ ಮಾತಾಡು" ಎಂದ. ಎಲ್ಲರೂ ನಕ್ಕರು. ತವರಿನ ಆಳು ಯಾರೆಂದು ನಾನೂ ಸುತ್ತ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಪುಸ್ತಕದ ಹಾಳೆ ಹರಿಯುವಂತಿಲ್ಲ, ನಂಬರು ಹಾಕಿರುತ್ತಾರೆ. ಹೆಸರು ಹೊಡೆದುಹಾಕುವಂತಿಲ್ಲ. ಉಳಿದದ್ದು ಆ ಅರ್ಧ ಇಂಚಿನ ಷರಾ. ಮರುದಿನದಿಂದ ಮತ್ತೆ ಗಿಡದಿಂದ ಗಿಡಕ್ಕೆ ಹೋಗಿ, ನೆಟ್ಟವಳ ಹೆಸರು, ಅವಳ ತವರೂರು, ಎಲ್ಲವನ್ನೂ ಇರುವೆಯ ಕಾಲಿನಂಥ ಅಕ್ಷರದಲ್ಲಿ ತುಂಬಿದೆ. ಶರಣಪ್ಪನ ಬಳಿ ಹೋಗಿ ಪುಸ್ತಕ ಖಾಯಂ ಆಗುವವರೆಗೆ ಕಾಯಬೇಕೆಂದು ಕೇಳಿದೆ. "ಮದುವಿ ಯುಗಾದಿ ಆದ ಮ್ಯಾಗ. ಅಲ್ಲೀತನ ಕಾಯ್ತೀನಿ. ಅತ್ತಿಗಿ ಮ್ಯಾಲ ನನಗೇನ್ ಸಿಟ್ಟಿಲ್ರಿ" ಎಂದ. ಆಗಸ್ಟ್ 16ರಂದು ಹೊಳೆ ಇಳಿಯಿತು. ಬರುವಾಗ ಸುತ್ತು ಎಣಿಸಲಿಲ್ಲ.

ಕಚೇರಿಯಲ್ಲಿ ನಮ್ಮ ಸಾಹೇಬರು ಭೂತಗನ್ನಡಿ ಹಿಡಿದು ಷರಾ ಓದಿದರು. ಬೈಯಲಿಲ್ಲ. ಒಂದು ಗಡ್ಡಿಯ ಜನ ಹೇಳಿದ್ದು ಬರೀ ಹೇಳಿಕೆ; ಇನ್ನೆರಡು ಊರುಗಳಲ್ಲಿ ಇದೇ ನಡೆ ಇದೆಯೆಂದು ತೋರಿಸಿದರೆ ಅದು ರಿವಾಜು, ಆಗ ಮಾಲೀಕರ ಹೆಸರನ್ನೇ ಬದಲಿಸಿ ಬರೆಯಬಹುದು ಎಂದರು. ಸಂಕ್ರಾಂತಿಗೆ ಪುಸ್ತಕ ಮೇಲಿನ ಕಚೇರಿಗೆ ಹೋಗುತ್ತದೆ. ಅಷ್ಟರೊಳಗೆ ತರಬೇಕು.

ಅಂದಿನಿಂದ ರವಿವಾರ ಬಂದರೆ ನಾನು ಊರೂರು ತಿರುಗುತ್ತೇನೆ. ಜವಳಗೇರಾದಲ್ಲಿ ಕೇಳಿದೆ, ಹೊಸ ತುಂಗಭದ್ರಾ ಕಾಲುವೆಯ ಮಾತು ಬಿಟ್ಟು ಬೇರೆ ಮಾತಿಗೆ ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಇದುವರೆಗೆ ಐವತ್ತೆಂಟು ಜನರನ್ನು ಕೇಳಿದ್ದೇನೆ. ನಕ್ಕವರು ಮೂವತ್ತೊಂದು. ನನಗೆ ಮದುವೆಯಾಗಿದೆಯೇ ಎಂದು ತಿರುಗಿ ಕೇಳಿದವರು ಒಂಬತ್ತು. ತುಂಗಭದ್ರೆಯ ದಂಡೆಯ ಊರೊಂದರಲ್ಲಿ ಮಾತ್ರ ಒಬ್ಬ ಮುದುಕ, "ನಮ್ಮ ಆಯಿದು, ನಮ್ಮಪ್ಪನ ಅವ್ವಂದು, ಒಂದು ನಿಂಬಿಗಿಡ ಇತ್ತು. ನಮ್ಮಪ್ಪ ಸೈತ ಕೇಳಿ ಹರಕೊಂತಿದ್ದ" ಎಂದು ಹೇಳಿ ಹೆಬ್ಬೆಟ್ಟು ಒತ್ತಿಕೊಟ್ಟ. ಒಂದು ಊರಾಯಿತು. ಇನ್ನೊಂದು ಬೇಕು.

ಆದ್ದರಿಂದ ಓದುವವರಲ್ಲಿ ನನ್ನ ಕೋರಿಕೆ. ನಿಮ್ಮೂರಿನಲ್ಲಿ, ನಿಮ್ಮ ಅಜ್ಜಿಯ ಊರಿನಲ್ಲಿ, ಯಾವುದೇ ಹೊಳೆಯ ದಂಡೆಯಲ್ಲಿ ಹೀಗೆ ಹೆಣ್ಣುಮಕ್ಕಳ ಗಿಡ ಇದ್ದದ್ದು ಗೊತ್ತಿದ್ದರೆ ಈ ಪತ್ರಿಕೆಗೆ ಒಂದು ಕಾರ್ಡು ಹಾಕಿ. ಉದ್ದ ಬರೆಯಬೇಕಾಗಿಲ್ಲ. ಊರಿನ ಹೆಸರು, ಗಿಡದ ಜಾತಿ, ನೆಟ್ಟವಳ ಹೆಸರು ಇಷ್ಟಿದ್ದರೆ ಸಾಕು. ಅವಳ ಗಂಡನ ಹೆಸರು ಬೇಡ.