ಅರಿಶಿನದ ಅಂಗಿ ತೊಡಿಸಿದ ಅಕ್ಕೋರು

ನಮ್ಮ ಆಟದ ಅಕ್ಕೋರ ಕೊರಳಲ್ಲಿ ತಾಳಿಸರದ ಜೊತೆಗೇ ಒಂದು ಸೀಟಿ ತೂಗುತ್ತಿತ್ತು. ಸೀರೆ ಎತ್ತಿ ಕಟ್ಟಿ, ಕ್ಯಾನ್ವಾಸ್ ಬೂಟು ಹಾಕಿಕೊಂಡು ಕಬಡ್ಡಿ ಕಲಿಸುತ್ತಿದ್ದರು. ಯಾರಾದರೂ ಬಿದ್ದರೆ, “ಏಳ ಬೇ, ನೆಲಕ್ಕೇನೂ ಆಗಿಲ್ಲ” ಎನ್ನುವರು. ರಾಯಬಾಗದ ಮನೆಯಲ್ಲಿ ಗಂಡನನ್ನು ಚಹಾಕ್ಕೆ ಕರೆಯುವುದೂ ಅದೇ ಸೀಟಿಯಿಂದ. ಆ ಮಹಾನುಭಾವರು ಓಡಿಯೇ ಬರುತ್ತಿದ್ದರು.

ನಾನು ತಂಡದ ನಾಯಕಿಯಾಗಿದ್ದ ವರ್ಷ, ನಮ್ಮ ಶಿಕ್ಷಣ ಸಂಸ್ಥೆಯವರು ಹೊರಗಿನಿಂದ ಕರೆಸಿದ್ದ ತರಬೇತುದಾರ ನಮ್ಮ ಇಬ್ಬರು ಹುಡುಗಿಯರ ಜೊತೆ ಕೆಟ್ಟದಾಗಿ ನಡೆದುಕೊಂಡ. ಆಡಳಿತ ಮಂಡಳಿ ಮರ್ಯಾದೆಯ ಮಾತೆತ್ತಿ ಮುಚ್ಚಿಹಾಕಲು ನೋಡಿತು. ಅಕ್ಕೋರು ಆ ಹುಡುಗಿಯರನ್ನೂ ಅವರ ತಾಯಂದಿರನ್ನೂ ಕರೆದುಕೊಂಡು ನೆಟ್ಟಗೆ ಪೊಲೀಸ್ ಠಾಣೆಗೆ ಹೋದರು. ಅವನು ಜೈಲು ಸೇರಿದ. ಆದರೆ ಕಬಡ್ಡಿ ಸಂಘದವರು ಸಂಸ್ಥೆಗೆ ಒಂದು ವರ್ಷ ನಿಷೇಧ ಹಾಕಿಬಿಟ್ಟರು. ಅಂದರೆ ನಮಗೂ ಆಟವಿಲ್ಲ. ದೂರು ಕೊಟ್ಟ ಇಬ್ಬರೂ, ತಮ್ಮಿಂದಲೇ ಹೀಗಾಯಿತೆಂದು ನಮ್ಮ ಮುಖ ನೋಡಲು ಹಿಂಜರಿದರು.

ಅಕ್ಕೋರು ನನ್ನನ್ನು ಕರೆದುಕೊಂಡು ಚಿಕ್ಕೋಡಿಯಲ್ಲಿ ನಡೆಯುತ್ತಿದ್ದ ಸಂಘದ ಸಭೆಗೆ ನುಗ್ಗಿದರು. ಕ್ಷಮೆ ಕೇಳಲು ಬಂದಿದ್ದಾರೆಂದುಕೊಂಡು ಅಧ್ಯಕ್ಷರು ಕುರ್ಚಿ ತೋರಿಸಿದರು. ಅಕ್ಕೋರು ಕೂರಲಿಲ್ಲ.

“ಶಿಕ್ಷಾ ಬ್ಯಾಡ ಅನ್ನಾಕ ಬಂದಿಲ್ರಿ. ಸಂಸ್ಥಾದವ್ರು ಮುಚ್ಚಿಡಾಕ ಹೋಗ್ಯಾರ, ಅವ್ರಿಗೆ ಗಟ್ಟಿ ಶಿಕ್ಷಾ ಕೊಡ್ರಿ. ಆದ್ರ ಬಾಯಿ ಬಿಟ್ಟ ಹುಡುಗ್ಯಾರನ್ನ ಮನ್ಯಾಗ ಕುಂಡ್ರಿಸಿದ್ರ, ನಾಳೆ ಯಾವಾಕಿ ಬಾಯಿ ಬಿಡ್ತಾಳ್ರಿ?”

ಚಹಾ ಆರಿಹೋಗುವಷ್ಟು ಹೊತ್ತು ವಾದ ನಡೆಯಿತು. ಕೊನೆಗೆ ಸಂಸ್ಥೆಯ ಹೆಸರು, ಬಾವುಟ, ಮಂಡಳಿಯವರ ಮುಂದಿನ ಸಾಲಿನ ಕುರ್ಚಿ ಎಲ್ಲ ಬಂದ್ ಆದವು. ನಾವು ಹೆಸರಿಲ್ಲದ ತಂಡವಾಗಿ ಆಡಬಹುದು ಎಂದಾಯಿತು.

ಸಂಸ್ಥೆಯ ಅಂಗಿ ತೊಡುವಂತಿರಲಿಲ್ಲ. ಅಕ್ಕೋರು ಬಿಳಿ ಅಂಗಿಗಳನ್ನು ತಂದು, ತಮ್ಮ ಹೊಲದ ಅರಿಶಿನ ಹಾಕಿ ಹಿತ್ತಲಲ್ಲಿ ಕುದಿಸಿದರು. ಬಣ್ಣ ನಿಲ್ಲುತ್ತದೆಯೇ ಎಂದು ಕೇಳಿದ ಗಂಡನಿಗೆ ಸೀಟಿ ಊದಿದರಂತೆ. ಬಣ್ಣ ನಿಲ್ಲಲಿಲ್ಲ. ಅಥಣಿಯ ಫೈನಲ್‌ನಲ್ಲಿ ಬೆವರು ಹರಿದಂತೆ ನಾವೆಲ್ಲ ಮದುಮಗಳ ಹಾಗೆ ಹಳದಿಯಾದೆವು. ಕೊನೆಯ ದಾಳಿಯಲ್ಲಿ, ಆಗಷ್ಟೇ ಬದಲಿಯಾಗಿ ಬಂದಿದ್ದ ಎದುರಾಳಿ ಹುಡುಗಿ, ನಾನು ಮುಟ್ಟಿಯೇ ಇಲ್ಲವೆಂದು ಹಟ ಹಿಡಿದಳು. ರೆಫ್ರಿ ಅವಳನ್ನು ಹಿಂದಕ್ಕೆ ತಿರುಗಿಸಿದರು. ಬಿಳಿ ಅಂಗಿಯ ಬೆನ್ನ ಮೇಲೆ ನನ್ನ ಬೆರಳುಗಳು ಹಳದಿಯಾಗಿ ಮೂಡಿದ್ದವು. ಗೆಳತಿಯರು ತೋರಿಸಿದಾಗ ಅವಳೂ ನಕ್ಕುಬಿಟ್ಟಳು. ನಾವು ಗೆದ್ದಿದ್ದೆವು.

ಅಕ್ಕೋರು ಕಪ್ ಅನ್ನು ಮೊದಲು ಕೊಟ್ಟದ್ದು ದೂರು ಕೊಟ್ಟ ಆ ಇಬ್ಬರ ಕೈಗೆ. ಹೆಸರಿಲ್ಲದ ತಂಡದ ಕಪ್ ಸಂಸ್ಥೆಯ ಕಪಾಟಿಗೆ ಹೋಗುವಂತಿರಲಿಲ್ಲ. ಅದು ಇಂದಿಗೂ ನಮ್ಮ ಮನೆಗಳಲ್ಲಿ ಸರದಿಯಂತೆ ತಿರುಗುತ್ತಿದೆ.

ಅಕ್ಕೋರು ಹೋದ ವರ್ಷ ತೀರಿಕೊಂಡರು. ಸೀಟಿಯನ್ನು ಅವರ ಯಜಮಾನರು ನನಗೆ ಕೊಟ್ಟರು. ಈಗ ನಾನೂ ಆ ಸಂಘದ ಸಭೆಯಲ್ಲಿ ಕೂರುತ್ತೇನೆ. ಯಾವುದಾದರೂ ಸಂಸ್ಥೆಯ ಮೇಲೆ ಇಂಥ ದೂರು ಬಂದು, ಎಲ್ಲರನ್ನೂ ಹೊರಗಿಡೋಣ ಎಂಬ ಮಾತು ಎದ್ದಾಗ, ಸೀಟಿ ತೆಗೆದು ಮೇಜಿನ ಮೇಲಿಡುತ್ತೇನೆ. ದೂರು ಕೊಟ್ಟ ಹುಡುಗಿಯರು ಎಲ್ಲಿ ಆಡಬೇಕೆಂಬುದು ತೀರ್ಮಾನವಾಗುವವರೆಗೆ ಅದನ್ನು ಎತ್ತಿಕೊಳ್ಳುವುದಿಲ್ಲ.